ಸೀಟಿನ ಕೆಳಗಿನ ತಂತಿ

ಸೀಟನ್ನು ಮುಂದಕ್ಕೆ ಮಗುಚಿದ ಸೊಸೆಯ ಕೈ ಅಲ್ಲೇ ನಿಂತಿತು. ಅಡಿಯಲ್ಲಿದ್ದ ಸ್ವಿಚ್ಚಿಗೆ ಹೋಗಬೇಕಾದ ಎರಡು ವೈರುಗಳನ್ನು ಯಾರೋ ಕಿತ್ತು, ತುದಿಯ ಪ್ಲಾಸ್ಟಿಕ್ಕು ಸುಲಿದು, ಒಂದು ತುಂಡು ತಾಮ್ರದ ತಂತಿಯಿಂದ ಒಂದಕ್ಕೊಂದು ಕಟ್ಟಿಬಿಟ್ಟಿದ್ದರು. ಸ್ವಿಚ್ಚು ಮಾತ್ರ ಯಾರಿಗೂ ಬೇಡವಾದ ನೆಂಟನ ಹಾಗೆ ಪಕ್ಕದಲ್ಲಿ ಸುಮ್ಮನೆ ಕೂತಿತ್ತು.

ಆ ಸ್ವಿಚ್ಚಿನ ಕೆಲಸ ಏನೆಂದು ಆಸ್ಪತ್ರೆಯ ಆ ಶೆಡ್ಡಿನಲ್ಲಿ ಕಸ ಗುಡಿಸುವವರಿಗೂ ಗೊತ್ತು. ಹುಲ್ಲು ಕತ್ತರಿಸುವ ಗಾಡಿಯ ಮೇಲೆ ಕೂತವರು ಇಳಿಯಲಿ, ಬೀಳಲಿ, ಸೀಟಿನ ಮೇಲಿನ ಭಾರ ಹೋಗುತ್ತಲೇ ಎಂಜಿನ್ನು ನಿಲ್ಲಬೇಕು, ಅಡಿಯಲ್ಲಿ ಗಿರಗಿರನೆ ತಿರುಗುವ ಬ್ಲೇಡುಗಳೂ ನಿಲ್ಲಬೇಕು. ತಂತಿ ಕಟ್ಟಿದ ಮೇಲೆ ಗಾಡಿಯ ಪಾಲಿಗೆ ಯಾರೋ ಸದಾ ಕೂತೇ ಇದ್ದಾರೆ. ಮೇಲಿನವರು ಬಿದ್ದು ಹೋದರೂ ಅದು ತನ್ನ ಪಾಡಿಗೆ ತಾನು ಮೇಯುತ್ತಾ ಹೋಗುತ್ತದೆ. ಮಕ್ಕಳ ವಾರ್ಡಿನ ಹಿಂದಿನ ಇಳಿಜಾರು ಅವಳ ಕಣ್ಣ ಮುಂದೆ ಬಂತು. ಬೆಳಗಿನ ಎಳೆಬಿಸಿಲಿಗೆ ಅಮ್ಮಂದಿರು ಕೂಸುಗಳನ್ನು ಎತ್ತಿಕೊಂಡು ಬಂದು ಕೂರುವುದು ಆ ಇಳಿಜಾರಿನ ಬುಡದಲ್ಲಿ.

ಶೆಡ್ಡಿನ ಬಾಗಿಲಲ್ಲಿ ಮಾವ ಏರ್ ಫಿಲ್ಟರನ್ನು ಕಂಬಕ್ಕೆ ಮೆಲ್ಲಗೆ ಬಡಿದು ಧೂಳು ಉದುರಿಸುತ್ತಿದ್ದರು. ಅವಳು ಕರೆದಳು. ಅವರು ಬಂದು ಬಗ್ಗಿ ನೋಡಿದರು. ಕತ್ತಿನ ನರ ಉಬ್ಬಿ ಬಂತು.

"ಯಾವ ಬುದ್ಧಿಗೇಡಿ ಮಾಡಿದ ಕೆಲಸ ಇದು?" ಅಂದರು.

ಆಮೇಲೆ ಅವರ ಮಾತಿಗೆ ತಡೆಯೇ ಇರಲಿಲ್ಲ. ತಾವು ರಜೆಯ ಮೇಲಿದ್ದಾಗ ಗಾಡಿ ಮುಟ್ಟಿದ ಮಾಲಿಗಳನ್ನೆಲ್ಲ ಒಬ್ಬೊಬ್ಬರಾಗಿ ಹಿಡಿದು ಜಾಡಿಸಿದರು. ಹೀಗೆ ತಂತಿ ಕಟ್ಟಿದವನ ಕೈಗೆ ಕುಡುಗೋಲು ಕೊಡುವುದೂ ತಪ್ಪು, ಅವನನ್ನು ಗೇಟಿನೊಳಗೆ ಬಿಟ್ಟುಕೊಂಡದ್ದೇ ತಪ್ಪು, ನಾಳೆ ಸೂಪರ್‌ವೈಸರ್ ಮೇಡಂ ತಪಾಸಣೆಗೆ ಬಂದಾಗ ಇದನ್ನು ಎತ್ತದೆ ಬಿಡುವುದಿಲ್ಲ ಎಂದರು. ಸೊಸೆ ಹೂಂ ಅನ್ನುತ್ತಾ ಕೇಳಿಸಿಕೊಂಡಳು. ಅವಳ ಕಣ್ಣು ಮಾತ್ರ ತಂತಿಯ ಮೇಲೇ ಇತ್ತು. ಸುತ್ತುಗಳು ಎಡಕ್ಕೆ ತಿರುಗಿದ್ದವು. ಕೊನೆಯ ಸುತ್ತಿನ ತುದಿಯನ್ನು ಹಿಂದಕ್ಕೆ ಮಡಿಸಿ, ಮುಂದೆ ಕೈ ಹಾಕುವವರ ಬೆರಳಿಗೆ ಚುಚ್ಚದ ಹಾಗೆ, ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಲಾಗಿತ್ತು. ಆ ಶೆಡ್ಡಿನಲ್ಲಿ ತಂತಿ ಸುತ್ತುವಾಗ ಇನ್ನೊಬ್ಬರ ಬೆರಳಿನ ಬಗ್ಗೆ ಯೋಚಿಸುತ್ತಿದ್ದದ್ದು ಇಬ್ಬರೇ. ಒಬ್ಬಳು ಅವಳು. ಅವಳಿಗೆ ಹಾಗೆ ಸುತ್ತಲು ಕಲಿಸಿದವರು ಇನ್ನೊಬ್ಬರು.

ಮದುವೆಯಾಗಿ ಬಂದ ಹೊಸತರಲ್ಲಿ ಅವಳು ಮಾವನಿಗೆ ಊಟದ ಡಬ್ಬಿ ತಂದುಕೊಡಲು ಈ ಶೆಡ್ಡಿಗೆ ಬರುತ್ತಿದ್ದಳು. ಅತ್ತೆ ತೀರಿಕೊಂಡಿದ್ದರು, ಗಂಡ ಇದೇ ಆಸ್ಪತ್ರೆಯ ಆಂಬುಲೆನ್ಸ್ ಡ್ರೈವರು, ಊಟಕ್ಕೆ ಹೊತ್ತುಗೊತ್ತು ಇಲ್ಲದವನು. ಒಂದು ದಿನ ಡಬ್ಬಿ ಇಟ್ಟು ಹೊರಟವಳು, ಓಡುತ್ತಿದ್ದ ಎಂಜಿನ್ನಿನ ಸದ್ದಿಗೆ ನಿಂತು, ಇದರೊಳಗೆ ಏನೋ ಜಾರುತ್ತಿದೆ ಅಲ್ಲವಾ ಮಾವ ಅಂದಿದ್ದಳು. ನೋಡಿದರೆ ಬೆಲ್ಟು ಸವೆದು ಜಾರುತ್ತಿತ್ತು. ಅಂದಿನಿಂದ ಮಾವ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಕಲಿಸಿದರು. ಇವಳಿಗೆ ಕಿವಿ ಇದೆ ಎಂದು ಕಂಡಕಂಡವರಿಗೆಲ್ಲ ಹೇಳಿ, ಕಚೇರಿಯವರ ಬೆನ್ನು ಬಿದ್ದು ಕೆಲಸವನ್ನೂ ಕೊಡಿಸಿದರು. ಈಗ ಪಂಪು, ಜನರೇಟರು, ಬಟ್ಟೆ ಒಗೆಯುವ ದೊಡ್ಡ ಮೆಷಿನ್ನು ಏನು ಕೆಟ್ಟರೂ ವಾರ್ಡಿನವರು ಮೆಕ್ಯಾನಿಕ್ಕಮ್ಮ ಎಲ್ಲಿ ಎಂದು ಹುಡುಕಿಕೊಂಡು ಬರುತ್ತಾರೆ. ಮಾವ ಹುಲ್ಲಿನ ಗಾಡಿಯೊಂದನ್ನು ಮಾತ್ರ ತಮ್ಮ ಕೈಯಲ್ಲೇ ಇಟ್ಟುಕೊಂಡಿದ್ದರು. ಮೇಯುವುದೊಂದು ಬಿಟ್ಟು ಬೇರೇನೂ ಅರಿಯದ ಅದಕ್ಕೆ ಎಲ್ಲರೂ ಎಮ್ಮೆ ಅನ್ನುತ್ತಿದ್ದರು. ಮಾವ ಅದರ ಮೇಲೆ ಕೂತು ದೊಡ್ಡ ಹುಲ್ಲುಹಾಸಿನ ಸುತ್ತ ಹೊರಟರೆ, ಕಾಲು ಮುರಿದು ಮಲಗಿದವರೂ ಕಿಟಕಿಯತ್ತ ಮುಖ ತಿರುಗಿಸುತ್ತಿದ್ದರು.

ಇತ್ತೀಚೆಗೆ ಮಾವನ ಹಾದಿ ಎಲ್ಲೆಲ್ಲೋ ತಪ್ಪುತ್ತಿದೆ ಎಂಬುದು ಅವಳಿಗೆ ಗೊತ್ತಿಲ್ಲದ ಸಂಗತಿಯಾಗಿರಲಿಲ್ಲ. ಟೀ ಕುಡಿಯಲು ಹೋದವರು ಹಿಂದಿನ ಗೇಟಿನಿಂದ ಬಂದು, ಶೆಡ್ಡನ್ನು ಯಾರೋ ಈ ಕಡೆ ತಿರುಗಿಸಿದ್ದಾರೆ ಎಂದು ನಕ್ಕಿದ್ದರು. ಒಮ್ಮೆ ಬೆಳಿಗ್ಗೆ ಕತ್ತರಿಸಿದ ಇಳಿಜಾರನ್ನೇ ಮಧ್ಯಾಹ್ನ ಮತ್ತೆ ಕತ್ತರಿಸಿದ್ದರು. ಮಾಲಿಗಳು ಮುಖ ಮುಖ ನೋಡಿಕೊಂಡಾಗ, ಬ್ಲೇಡು ಸರಿಯಾಗಿದೆಯೋ ನೋಡಲು ಓಡಿಸಿ ಅಂತ ನಾನೇ ಹೇಳಿದ್ದೆ ಎಂದು ಅವಳು ಹೇಳಿದ್ದಳು. ಸುಳ್ಳು ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಆಶ್ಚರ್ಯವಾಗಿತ್ತು. ಈ ತಂತಿ ಯಾಕೆ ಬಂತೆಂಬುದೂ ಅವಳಿಗೆ ಹೊಳೆಯಿತು. ಸೊಂಟ ನೋವಿನಿಂದ ಮಾವ ಇಳಿಜಾರಿನಲ್ಲಿ ಒಂದು ಮಗ್ಗುಲಿಗೆ ಎದ್ದು ಕೂರುತ್ತಿದ್ದರು. ಎಂಜಿನ್ನು ನಿಂತು ನಿಂತು ಬೇಜಾರಾಗಿ ಕಟ್ಟಿರಬೇಕು. ಕಟ್ಟಿದ್ದು ಒಂದು ಮಾತು. ಕಟ್ಟಿದ್ದೇ ನೆನಪಿಲ್ಲದೆ ಹೀಗೆ ಕೂಗಾಡುತ್ತಿದ್ದಾರಲ್ಲ, ಅದನ್ನು ಎಲ್ಲಿಡುವುದು ಎಂದು ಅವಳಿಗೆ ತೋಚಲಿಲ್ಲ.

ಆ ಕ್ಷಣವೇ ತಂತಿ ಬಿಚ್ಚಿ ಸ್ವಿಚ್ಚು ಜೋಡಿಸಬೇಕಿತ್ತು. ಆದರೆ ಬಿಚ್ಚಲು ಕೂತರೆ ಮಾವನೂ ಪಕ್ಕದಲ್ಲಿ ಕೂರುತ್ತಾರೆ, ಆ ಸುತ್ತುಗಳನ್ನು ಹತ್ತಿರದಿಂದ ನೋಡುತ್ತಾರೆ. ಸಂಜೆ ಅವರು ಕೈತೊಳೆಯಲು ಹೋದಾಗ ಸದ್ದಿಲ್ಲದೆ ಮಾಡಿಬಿಟ್ಟರಾಯಿತು ಅಂದುಕೊಂಡು ಸೀಟನ್ನು ಮೊದಲಿನ ಹಾಗೆ ಮಗುಚಿದಳು.

ಉಳಿದ ಕೆಲಸ ಸರಾಗವಾಗಿ ಸಾಗಿತು. ಕಪ್ಪಾದ ಹಳೆ ಆಯಿಲನ್ನು ತಗಡಿನ ಡಬ್ಬಕ್ಕೆ ಇಳಿಸಿ ಹೊಸದನ್ನು ತುಂಬಿಸಿದಳು. ಮುಂದಿನ ಟೈರಿಗೆ ಗಾಳಿ ಹಾಕಿದಳು, ಬೆಲ್ಟನ್ನು ಬೆರಳಿನಿಂದ ಮೀಟಿ ಬಿಗಿ ನೋಡಿದಳು, ಗ್ರೀಸು ತುಂಬಿದಳು. ಎಂಜಿನ್ನಿಗೆ ಕಿಡಿ ಕೊಡುವ ಪ್ಲಗ್ಗು ಬಿಚ್ಚಿ ಕೊಟ್ಟಾಗ ಮಾವ ತಂತಿಬ್ರಷ್ಷಿನಿಂದ ಮಸಿ ಉಜ್ಜಿ, ಬೆಳಕಿಗೆ ಹಿಡಿದು ನೋಡಿ, ಹಲಗೆಯ ಮೇಲೆ ಇಟ್ಟರು. ಅಲ್ಲೇ ಇರಲಿ ಮಾವ, ಬ್ಲೇಡಿನ ಕೆಲಸ ಮುಗಿದ ಮೇಲೆ ಹಾಕೋಣ ಅಂದಳು. ಬ್ಲೇಡಿಗೆ ಕೈ ಹಾಕುವ ಮುಂಚೆ ಪ್ಲಗ್ಗು ಹೊರಗೆ, ಕೀಲಿ ಜೇಬಿನೊಳಗೆ. ಇದೂ ಅವರೇ ಕಲಿಸಿದ ಪಾಠ. ಅವಳು ಕೀಲಿಯನ್ನು ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡಳು. ಮಾವ ಹಳೆ ಆಯಿಲಿನ ಡಬ್ಬ ಎತ್ತಿಕೊಂಡು ಶೆಡ್ಡಿನ ಹಿಂದಿನ ಪೀಪಾಯಿಗೆ ಸುರಿಯಲು ಹೋದರು.

ಮುಂದಿನ ಚಕ್ರಗಳನ್ನು ಎತ್ತರಕ್ಕೆ ಏರಿಸಿ ಅಡಿಗೆ ಆಸರೆ ಕೊಟ್ಟಿದ್ದಳು. ಗೋಣಿ ಹಾಸಿಕೊಂಡು ಅಂಗಾತ ಮಲಗಿ ಅಡಿಗೆ ಸರಿದಳು. ಹೋದ ಮಳೆಗಾಲದ ಹುಲ್ಲು ಬ್ಲೇಡುಗಳನ್ನು ಮುಚ್ಚಿದ ತಗಡಿನ ಗೂಡಿಗೆ ಅಂಟಿ ಒಣಗಿ, ಕೆರೆದರೆ ಹಕ್ಕಳೆ ಹಕ್ಕಳೆಯಾಗಿ ಮುಖದ ಮೇಲೆ ಉದುರುತ್ತಿತ್ತು. ಮೊದಲನೆ ಬ್ಲೇಡು ಸುಲಭವಾಗಿ ಬಂತು. ಎರಡನೆಯದರ ಬೋಲ್ಟು ತುಕ್ಕು ಹಿಡಿದು ಹಟ ಮಾಡಿತು. ಬ್ಲೇಡು ತಿರುಗದ ಹಾಗೆ ಗೂಡಿಗೂ ಅದಕ್ಕೂ ನಡುವೆ ಒಂದು ಮರದ ದಿಮ್ಮಿ ಸಿಕ್ಕಿಸಿ, ಎಡಗೈಯಲ್ಲಿ ಬ್ಲೇಡನ್ನು ಅದುಮಿ ಹಿಡಿದು, ಬಲಗೈಯಲ್ಲಿ ಸ್ಪ್ಯಾನರು ಹಾಕಿ ಜಗ್ಗಿದಳು. ಸ್ಪ್ಯಾನರು ಜಾರಿತು. ಮೇಲೆ ಏನೋ ಟಕಟಕ ಸದ್ದಾಗುತ್ತಿತ್ತು. ಮಾವ ಬಂದರು, ಫಿಲ್ಟರಿನ ಮುಚ್ಚಳ ಹಾಕುತ್ತಿರಬೇಕು ಅಂದುಕೊಂಡಳು. ಉದ್ದ ಹಿಡಿಯ ಸ್ಪ್ಯಾನರು ಗೋಣಿಯ ಆಚೆ ಬದಿ ಇತ್ತು. ಅದಕ್ಕಾಗಿ ಬ್ಲೇಡು ಬಿಟ್ಟು ಮಗ್ಗುಲಾಗಿ ಕೈ ಚಾಚಿದಳು.

ತಲೆಯ ಮೇಲೆ ಕೀಲಿ ತಿರುಗಿದ ಸದ್ದು ಕೇಳಿತು.

ಆ ಸದ್ದನ್ನು ಅವಳು ನಿದ್ದೆಯಲ್ಲೂ ಗುರುತು ಹಿಡಿಯಬಲ್ಲಳು. ಆದರೆ ಕೀಲಿ ಇರುವುದು ತನ್ನ ಜೇಬಿನಲ್ಲಲ್ಲವೇ ಎಂಬ ಯೋಚನೆ ಅಡ್ಡ ಬಂದು, ಬಾಯಿ ಬಿಡುವಷ್ಟರಲ್ಲಿ ಎಂಜಿನ್ನು ಗುಡುಗಿತು. ಹಿಂದೆಯೇ ಬ್ಲೇಡಿನ ಲಿವರು ದಡಕ್ಕನೆ ಬಿದ್ದ ಸದ್ದು. ಮುಖದಿಂದ ಒಂದು ಗೇಣು ದೂರದಲ್ಲಿ ಕಬ್ಬಿಣ ಒಮ್ಮೆಲೇ ಜಿಗಿಯಿತು. ದಿಮ್ಮಿ ನಡುವೆ ಸೀಳಿ, ಒಂದು ಹೋಳು ಸಿಡಿದು ಬಂದು ಅವಳ ತೋಳಿಗೆ ಬಡಿಯಿತು. ಇನ್ನೊಂದು ಹೋಳು ಬ್ಲೇಡಿಗೆ ಕಚ್ಚಿಕೊಂಡಿತು. ಗಾಡಿ ಇಡೀ ಮೈ ನಡುಗಿಸಿ, ಕೆಮ್ಮಿ, ನಿಂತಿತು.

ಪೆಟ್ರೋಲಿನ ವಾಸನೆಯಲ್ಲಿ ಸ್ವಲ್ಪ ಹೊತ್ತು ಅವಳು ಅಲುಗಾಡದೆ ಮಲಗಿದ್ದಳು. ಎಡಗೈಯನ್ನು ಮೆಲ್ಲಗೆ ಎದೆಯ ಮೇಲೆ ತಂದುಕೊಂಡು ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಡಿಸಿ ನೋಡಿದಳು. ಎಲ್ಲವೂ ಇದ್ದವು. ಅಷ್ಟರಲ್ಲಿ ಗಾಡಿಯ ಪಕ್ಕದಲ್ಲಿ ಮಾವನ ಮಂಡಿಗಳು ಕಂಡವು, ಆಮೇಲೆ ಅವರ ಮುಖ. ಅವರು ಗಾಡಿ ಹತ್ತಿಯೂ ಇರಲಿಲ್ಲ. ಪಕ್ಕದಲ್ಲಿ ನಿಂತೇ ಕೀಲಿ ತಿರುಗಿಸಿ ಲಿವರು ಒತ್ತಿದ್ದರು. ಸ್ವಿಚ್ಚು ಸರಿ ಇದ್ದಿದ್ದರೆ ಖಾಲಿ ಸೀಟಿನ ಗಾಡಿಯ ಬ್ಲೇಡು ಕದಲುತ್ತಲೇ ಇರಲಿಲ್ಲ.

"ನೀನು ಇಲ್ಲೇನು ಮಾಡ್ತಾ ಇದೀಯ?" ಎಂದು ಮಾವ ಕೇಳಿದರು.

ಗದರಿದ್ದಲ್ಲ, ಗಾಬರಿಯೂ ಅಲ್ಲ. ನಿಜಕ್ಕೂ ತಿಳಿಯದೆ ಕೇಳಿದ್ದು. ಬ್ಲೇಡು ಜಿಗಿದಾಗ ಆಗದ ಭಯ ಆ ಮಾತಿಗೆ ಆಯಿತು.

ಅವಳು ಹೊರಗೆ ಸರಿದು ಬಂದು ಚಕ್ರಕ್ಕೆ ಒರಗಿ ಕೂತಳು. ಮಾವ ಬಗ್ಗಿ ಅಡಿಯಿಂದ ಸೀಳಿದ ಹೋಳನ್ನು ಎಳೆದು ತೆಗೆದರು. ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಪ್ಲಗ್ಗು ಇಟ್ಟಿದ್ದ ಹಲಗೆ ನೋಡಿದರು, ಅದು ಖಾಲಿ; ಪ್ಲಗ್ಗನ್ನು ಅವರೇ ತಿರುಗಿ ಹಾಕಿದ್ದರು. ತಮ್ಮ ಸೊಂಟದ ಗೊಂಚಲು, ಅದರಲ್ಲಿದ್ದ ಗಾಡಿಯ ಇನ್ನೊಂದು ಕೀಲಿಯ ಸಮೇತ, ಗಾಡಿಯಲ್ಲಿ ನೇತಾಡುವುದನ್ನು ನೋಡಿದರು. ಒಂದೊಂದನ್ನು ನೋಡಿದಾಗಲೂ ಅವರ ಮುಖದಿಂದ ಏನೋ ಒಂದಿಷ್ಟು ಇಳಿದು ಹೋಗುತ್ತಿತ್ತು. ಕೊನೆಗೆ ಆಯಿಲಿನ ಖಾಲಿ ಡಬ್ಬವನ್ನು ಬೋರಲು ಹಾಕಿ ಅದರ ಮೇಲೆ ಕೂತರು.

"ಕೆಲಸ ಮುಗೀತು ಅಂದ್ಕೊಂಡೆ. ಒಂದು ಸಲ ಓಡಿಸಿ ನೋಡೋಣ ಅಂತ..." ಅಂದರು. ಹೊರಗೆ ಯಾರೋ ತಳ್ಳುಗಾಡಿಯಲ್ಲಿ ಬಟ್ಟೆಯ ಗಂಟುಗಳನ್ನು ತಳ್ಳಿಕೊಂಡು ಹೋದರು. ಆ ಸದ್ದು ದೂರವಾಗುವ ತನಕ ಇಬ್ಬರೂ ಕಾದರು.

"ಆ ತಂತಿ ನಾನೇ ಕಟ್ಟಿದ್ನಾ?"

ಇಲ್ಲ ಅನ್ನಬಹುದಿತ್ತು. ಮಾಲಿಗಳ ಮುಂದೆ ಬಂದಷ್ಟೇ ಸಲೀಸಾಗಿ ನಾಲಿಗೆಯ ತುದಿಗೆ ಬಂದು ನಿಂತೂ ಇತ್ತು. ಅವಳು ಅದನ್ನು ನುಂಗಿಕೊಂಡಳು.

"ಹೌದು ಮಾವ. ನಿಮ್ಮ ಕೈ ಸುತ್ತು ಅದು."

ಮಾವ ಎದ್ದು ಸೀಟು ಮಗುಚಿದರು. ತಂತಿಯ ಮೇಲೆ ಬೆರಳಾಡಿಸಿದರು. ಮಡಿಸಿದ ತುದಿಯನ್ನು ಉಗುರಿನಿಂದ ಮುಟ್ಟಿ ನೋಡಿದರು.

"ಚೆನ್ನಾಗೇ ಕಟ್ಟಿದೀನಿ," ಅಂದರು.

ನಗುವುದೋ ಅಳುವುದೋ ಗೊತ್ತಾಗದೆ ಅವಳು ನೆಲ ನೋಡಿದಳು. ಮಾವ ಗಾಡಿಯಿಂದ ಕೀಲಿ ಕಿತ್ತು, ಗೊಂಚಲಿನ ಬಳೆಯನ್ನು ಹಲ್ಲಿನಿಂದ ಅಗಲಿಸಿ ಅದೊಂದನ್ನೇ ಬಿಡಿಸಿದರು. ಬಿಡಿಸಲು ಬಹಳ ಹೊತ್ತು ಹಿಡಿಯಿತು. ಸಹಾಯಕ್ಕೆ ಚಾಚಿದ ಅವಳ ಕೈಯನ್ನು ಪಕ್ಕಕ್ಕೆ ಸರಿಸಿ, ತಾವೇ ಬಿಡಿಸಿ, ಅವಳ ಅಂಗೈಯಲ್ಲಿಟ್ಟು ಬೆರಳುಗಳನ್ನು ಮುಚ್ಚಿದರು.

"ಇದು ನಿನ್ನ ಹತ್ರ ಇರ್ಲಿ. ನಾನು ಕೇಳ್ತೀನಿ. ಎಷ್ಟು ಕೇಳಿದ್ರೂ ಕೊಡಬೇಡ."

ಸ್ವಿಚ್ಚು ಜೋಡಿಸಿ, ಬ್ಲೇಡು ಮಸೆದು ಹಾಕಿ ಮನೆಗೆ ಬಂದ ರಾತ್ರಿ, ಗಂಡನಿಗೆ ಅವಳು ಅಡುಗೆಮನೆಯಲ್ಲಿ ಹೇಳಿದಳು. ಮಾವ ಹೊರಗಿನ ಕೋಣೆಯಲ್ಲಿ ರೇಡಿಯೋ ಹಚ್ಚಿಕೊಂಡು ಕೂತಿದ್ದರು. ಗಂಡ ಮೊದಲು ಅವಳ ತೋಳು ಹಿಡಿದು ನೋಡಿದ. ಬಾತು ನೀಲಿಗಟ್ಟಿತ್ತು. ಐಸು ಒತ್ತಿ ಹಿಡಿದ, ಮೂಳೆಗೆ ಏನೂ ಆಗಿಲ್ಲ ತಾನೇ ಎಂದು ಎರಡೆರಡು ಸಲ ಕೇಳಿದ. ಐಸಿನ ಬಟ್ಟೆಯನ್ನು ಮತ್ತೆ ಮತ್ತೆ ಹಿಂಡಿದ. ಆಮೇಲೆ ಅವನ ಮಾತು ಬೇರೆ ದಾರಿ ಹಿಡಿಯಿತು. ವಯಸ್ಸಾದ ಮೇಲೆ ಮರೆವು ಯಾರಿಗಿಲ್ಲ? ಒಂದು ಸಲ ಆದದ್ದಕ್ಕೆ ಊರಿಗೆಲ್ಲ ಡಂಗುರ ಹೊಡೆಯಬೇಕೇ? ಸ್ವಿಚ್ಚನ್ನು ಸರಿ ಮಾಡಿದ್ದೀಯಲ್ಲ, ಇನ್ನು ಮೇಲೆ ಅವರಿದ್ದಾಗ ನೀನು ಅಡಿಗೆ ಹೋಗಬೇಡ, ಮೇಡಂ ಹತ್ತಿರ ಈ ಮಾತು ಎತ್ತಬೇಡ ಅಂದ. ಅವನ ದನಿಯಲ್ಲಿ ಅಪ್ಪಣೆಗಿಂತ ಬೇಡಿಕೆಯೇ ಹೆಚ್ಚಿತ್ತು. ಆ ಎಮ್ಮೆ ಕೈತಪ್ಪಿದರೆ ಅಪ್ಪ ಹಾಸಿಗೆ ಹಿಡಿಯುತ್ತಾರೆ, ನನಗೆ ಗೊತ್ತು ಅಂದ.

ಅವಳು ಒಲೆ ಆರಿಸಿ ಅವನ ಕಡೆ ತಿರುಗಿದಳು.

"ನಿಮ್ಮ ಆಂಬುಲೆನ್ಸಲ್ಲಿ ಒಂದು ಕೂಸನ್ನ ಮಲಗಿಸಿ, ಸ್ಟೀರಿಂಗ್ ಅವರ ಕೈಗೆ ಕೊಡ್ತೀರಾ?"

ಗಂಡ ತಟ್ಟೆ ತೆಗೆದುಕೊಂಡು ಗೋಡೆಯ ಕಡೆ ಮುಖ ಮಾಡಿ ಊಟಕ್ಕೆ ಕೂತ.

ಬೆಳಿಗ್ಗೆ ಅವಳು ಶೆಡ್ಡಿಗೆ ಬರುವ ಮೊದಲೇ ಮಾವ ಬಂದಾಗಿತ್ತು. ಕೂದಲಿಗೆ ನೀರು ಹಚ್ಚಿ ಹಿಂದಕ್ಕೆ ಬಾಚಿದ್ದರು. ಮಂಡಿಯವರೆಗಿನ ರಬ್ಬರ್ ಬೂಟು ಹಾಕಿದ್ದರು, ಬಿಸಿಲಿನ ಟೋಪಿ ಇಟ್ಟಿದ್ದರು. ಗಾಡಿ ಓಡಿಸುವ ದಿನ ಮಾತ್ರ ಹಾಕುವ ವೇಷ ಅದು. ಚೆನ್ನಾಗಿ ನಿದ್ದೆ ಬಂತಾ ಮಾವ ಎಂದು ಕೇಳಿದಳು. ಭರ್ಜರಿ ನಿದ್ದೆ ಅಂದರು. ಅವರ ಮುಖದಲ್ಲಿ ನಿನ್ನೆಯ ನೆರಳು ಎಲ್ಲೂ ಇರಲಿಲ್ಲ. ಒದ್ದೆ ಬಟ್ಟೆಯಿಂದ ಗಾಡಿಯ ಬಾನೆಟ್ಟು ಒರೆಸುತ್ತಾ, ಈ ಸಲ ಬ್ಲೇಡು ಚೆನ್ನಾಗಿ ಮಸೆದಿದ್ದೀಯ ಎಂದು ಹೊಗಳಿದರು.

ಏನಾದರೂ ಹೇಳಬೇಕು ಎಂದು ಅವಳು ಮಾತು ಹುಡುಕುತ್ತಿರುವಾಗಲೇ ಸೂಪರ್‌ವೈಸರ್ ಮೇಡಂ ಬಂದರು. ಕುಳ್ಳಗಿನ ಹೆಂಗಸು, ನಿಧಾನವಾಗಿ ಮಾತಾಡಿದರೂ ಕಣ್ಣು ಚುರುಕು. ಹಿಂದೆಯೇ ಇಬ್ಬರು ಮಾಲಿಗಳು ಬಂದರು. ಆಂಬುಲೆನ್ಸನ್ನು ಗೇಟಿನ ಹತ್ತಿರ ನಿಲ್ಲಿಸಿ ಗಂಡನೂ ಬಂದು ಬಾಗಿಲಿಗೆ ಒರಗಿ ನಿಂತ. ಅವನು ಅವಳನ್ನೇ ನೋಡುತ್ತಿದ್ದ. ಅವಳು ಅವನ ಕಡೆ ನೋಡಲಿಲ್ಲ. ಮೇಡಂ ಗಾಡಿಯ ಸುತ್ತ ಒಂದು ಸುತ್ತು ಬಂದರು. ಟೈರು ಒತ್ತಿದರು, ಬ್ರೇಕು ತುಳಿದು ನೋಡಿದರು, ಬಗ್ಗಿ ಬೆಲ್ಟು ನೋಡಿದರು. ತಲೆ ಆಡಿಸಿದರು. ಇನ್ನು ಸೀಟಿನ ಸ್ವಿಚ್ಚು ಒಂದು ನೋಡಿಬಿಡೋಣ, ಯಾರಾದರೂ ಕೂತು ಸ್ಟಾರ್ಟ್ ಮಾಡಿ ಅಂದರು.

ಮಾವ ಆಗಲೇ ಒಂದು ಕಾಲು ಎತ್ತಿ ಹಾಕಿದ್ದರು. ಸೊಂಟ ಹಿಡಿದುಕೊಂಡು ಸೀಟಿನ ಮೇಲೆ ಸರಿಯಾಗಿ ಕೂತು, ಸ್ಟೀರಿಂಗಿನ ಮೇಲೆ ಎಡಗೈ ಇಟ್ಟು, ಬಲಗೈಯಿಂದ ಸೊಂಟದ ಗೊಂಚಲು ತೆಗೆದರು. ಕೀಲಿಗಳನ್ನು ಒಂದೊಂದಾಗಿ ಸರಿಸಿದರು. ಕೊನೆಗೆ ಬಂದು ಮತ್ತೆ ಮೊದಲಿನಿಂದ ಸರಿಸಿದರು. ಮಾಲಿಗಳಲ್ಲಿ ಒಬ್ಬ ತುಟಿಯಂಚಿನಲ್ಲಿ ನಕ್ಕ.

"ನನ್ನ ಕೀಲಿ ಎಲ್ಲಿ ಹೋಯ್ತು?"

"ನನ್ನ ಹತ್ರ ಇದೆ ಮಾವ," ಅಂದಳು ಸೊಸೆ.

"ಸರಿ. ಕೊಡು."

ಅವಳು ಜೇಬಿಗೆ ಕೈ ಹಾಕಿದಳು, ಹೊರಗೆ ತೆಗೆಯಲಿಲ್ಲ. ಮಾವ ಕೈ ಚಾಚಿಕೊಂಡೇ ಇದ್ದರು. ಗಂಡ ಮೆಲ್ಲಗೆ ಪಕ್ಕಕ್ಕೆ ಬಂದು, ಕೊಟ್ಟುಬಿಡು, ನಿಂತಲ್ಲೇ ಟೆಸ್ಟು ತಾನೇ, ಎಲ್ಲರ ಮುಂದೆ ಯಾಕೆ ಎಂದು ಪಿಸುಗುಟ್ಟಿದ. ಮೇಡಂ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಕಣ್ಣು ಹಾಯಿಸಿದರು. ಸೊಸೆಯ ಜೇಬಿನಲ್ಲಿ ಕೀಲಿ ಬೆವರಿನ ಬೆರಳುಗಳಿಗೆ ಅಂಟಿಕೊಂಡಿತ್ತು. ಈ ಮನುಷ್ಯ ಕೇಳಿದ್ದನ್ನು ಅವಳು ಇದುವರೆಗೆ ಇಲ್ಲ ಅಂದವಳಲ್ಲ.

"ಕೊಡಲ್ಲ ಮಾವ."

ಚಾಚಿದ ಕೈ ಗಾಳಿಯಲ್ಲೇ ನಿಂತಿತು. ಮಾವನ ಕತ್ತಿನ ನರ ನಿನ್ನೆಯ ಹಾಗೆ ಉಬ್ಬಿತು. ಎಷ್ಟು ಜನರ ಮುಂದೆ ಏನು ಹೇಳುತ್ತಿದ್ದೀಯ ಗೊತ್ತಿದೆಯಾ ಎಂದು ಕೇಳಿದರು. ಈ ಗಾಡಿಯನ್ನು ನಿನಗೆ ಮುಟ್ಟಲು ಕಲಿಸಿದವನು ಯಾರು ಎಂದರು. ದನಿ ಏರಲಿಲ್ಲ, ಏರಿದ್ದರೆ ಚೆನ್ನಾಗಿತ್ತು. ಕೊನೆಗೆ ಬಹಳ ಮೆತ್ತಗೆ, ನಾನೇನು ತಪ್ಪು ಮಾಡಿದೆ ಅಂತಾದರೂ ಹೇಳು ಅಂದರು.

"ಕೇಳಿದ್ರೂ ಕೊಡಬೇಡ ಅಂತ ನೀವೇ ಹೇಳಿದ್ರಿ. ನಿನ್ನೆ, ಇಲ್ಲೇ ಕೂತು."

"ನಾನಾ?"

ಅವಳು ಗಾಡಿಯ ಹತ್ತಿರ ಹೋಗಿ, ಅಂಗಿಯ ತೋಳನ್ನು ಭುಜದ ತನಕ ಮೇಲೆ ಸರಿಸಿದಳು. ಮಾವ ಆ ನೀಲಿ ಬಾವನ್ನು ನೋಡಿದರು. ಮುಟ್ಟಲು ಹೋದ ಬೆರಳು ಅರ್ಧದಲ್ಲೇ ಹಿಂದಕ್ಕೆ ಬಂತು. ಅವರು ಒಳಗೊಳಗೇ ಏನನ್ನೋ ಹುಡುಕುತ್ತಿದ್ದರು. ಕತ್ತಲೆಯ ಕೋಣೆಯಲ್ಲಿ ಗೋಡೆ ತಡವುತ್ತಾ ಸ್ವಿಚ್ಚು ಹುಡುಕುವವರ ಹಾಗೆ ಅವರ ಕಣ್ಣುಗಳು ಅತ್ತಿತ್ತ ಸರಿದಾಡಿದವು. ನೆನಪಾಗಲಿ ಎಂದು ಬೇಡಿಕೊಳ್ಳಬೇಕೋ ಆಗದಿರಲಿ ಎಂದೋ ಅವಳಿಗೆ ತಿಳಿಯಲಿಲ್ಲ.

"ನೆನಪಾಗ್ತಿಲ್ಲ," ಅಂದರು ಮಾವ. "ಆದ್ರೆ ನೀನು ಸುಳ್ಳು ಹೇಳೋಳಲ್ಲ."

ಅಷ್ಟು ಹೇಳಿ ಗಾಡಿಯಿಂದ ಇಳಿಯತೊಡಗಿದರು. ಬೂಟಿನ ಕಾಲು ಪೆಡಲಿಗೆ ತೊಡರಿತು. ಬಾಗಿಲ ಹತ್ತಿರಕ್ಕೆ ಮರಳಿದ್ದ ಮಗ ಎರಡೇ ಹೆಜ್ಜೆಗೆ ಬಂದು ಕಂಕುಳಿಗೆ ಕೈ ಕೊಟ್ಟು ಇಳಿಸಿಕೊಂಡ. ಇಳಿದ ಮೇಲೂ ಅಪ್ಪನ ತೋಳು ಬಿಡಲಿಲ್ಲ. ನಕ್ಕಿದ್ದ ಮಾಲಿ ಹೊರಗೆ ನೋಡುತ್ತಾ ನಿಂತ.

ಮೇಡಂ ಕೇಳುವ ಮೊದಲೇ ಸೊಸೆ ಎಲ್ಲವನ್ನೂ ಹೇಳಿದಳು. ತಂತಿಯದು, ದಿಮ್ಮಿಯದು, ಎರಡು ಸಲ ಕತ್ತರಿಸಿದ ಇಳಿಜಾರಿನದು, ತಾನು ಮುಚ್ಚಿಟ್ಟದ್ದು. ಮಾವನ ಮುಂದೆಯೇ ಹೇಳಿದಳು. ಬೆನ್ನ ಹಿಂದೆ ಹೇಳಲು ಮನಸ್ಸು ಬರಲಿಲ್ಲ. ಅವರು ಬೇರೆ ಯಾರದೋ ಕತೆ ಕೇಳುವವರಂತೆ ತಲೆ ತಗ್ಗಿಸಿ ಗಮನವಿಟ್ಟು ಕೇಳಿದರು. ಮೇಡಂ ಸೀಟು ಮಗುಚಿ ಜೋಡಿಸಿದ ವೈರುಗಳನ್ನು ನೋಡಿದರು. ಆಮೇಲೆ, ಇವತ್ತಿನಿಂದ ಇವರು ಯಾವ ಮೆಷಿನ್ನನ್ನೂ ಮುಟ್ಟುವ ಹಾಗಿಲ್ಲ, ವಾರದೊಳಗೆ ನಮ್ಮ ಡಾಕ್ಟರಿಗೇ ತೋರಿಸಬೇಕು, ಬೇರೆ ಏನು ಕೆಲಸ ಕೊಡಬಹುದೋ ಆಮೇಲೆ ನೋಡೋಣ ಅಂದರು. ಮುಚ್ಚಿಟ್ಟದ್ದರ ಬಗ್ಗೆ ಅವಳ ಹತ್ತಿರ ಬೇರೆಯಾಗಿ ಮಾತಾಡುವುದಿದೆ ಎಂದೂ ಅಂದರು. ಮಾವ ಅದೊಂದಕ್ಕೆ ಮಾತ್ರ ತಲೆ ಎತ್ತಿ, ಅವಳನ್ನು ಬಯ್ಯಬೇಡಿ ಅಂದರು.

ಟೆಸ್ಟು ಆಯಿತು. ಅವಳು ಕೂತು ಸ್ಟಾರ್ಟ್ ಮಾಡಿ, ಬ್ಲೇಡಿನ ಲಿವರು ಒತ್ತಿ, ಸೀಟಿನಿಂದ ಎದ್ದಳು. ಎಂಜಿನ್ನು ಕೂಡಲೇ ಬಾಯಿ ಮುಚ್ಚಿತು. ಮೇಡಂ ಸರಿ ಅಂದರು.

ದೊಡ್ಡ ಹುಲ್ಲುಹಾಸು ಮಳೆಗಾಲ ಕಳೆದು ಮಂಡಿಯ ತನಕ ಬೆಳೆದಿತ್ತು. ಅಂಥ ಹುಲ್ಲಿಗೆ ಗಾಡಿ ಇಳಿಸುವ ಮೊದಲು ಯಾರಾದರೂ ಮುಂದೆ ನಡೆದು ಕಲ್ಲು, ಕಡ್ಡಿ, ಬಾಟಲಿ ಹೆಕ್ಕಲೇಬೇಕು. ಬ್ಲೇಡಿಗೆ ಸಿಕ್ಕಿದ ಕಲ್ಲು ಗುಂಡಿನ ಹಾಗೆ ಹಾರುತ್ತದೆ. ಆ ಕೆಲಸ ನನಗಿರಲಿ ಎಂದು ಮಾವ ತಾವಾಗಿಯೇ ಬಕೆಟ್ಟು ಎತ್ತಿಕೊಂಡರು. ಮೇಡಂ ಬೇಡ ಅನ್ನಲಿಲ್ಲ. ಮಾವ ಹುಲ್ಲಿನ ಒಂದು ಪಟ್ಟಿಯನ್ನು ಪೂರ್ತಿ ಹೆಕ್ಕಿ ದೂರ ಸರಿದ ಮೇಲೆ ಮಾತ್ರ ಬ್ಲೇಡು ತಿರುಗಿಸಬೇಕು ಎಂದು ಅವಳಿಗೆ ಹೇಳಿ ಹೋದರು. ಗಂಡನಿಗೆ ಕರೆ ಬಂತು. ಹೋಗುವಾಗ ಅವಳ ನೋಯದ ತೋಳನ್ನು ಒಮ್ಮೆ ಹಿಡಿದು ಬಿಟ್ಟ.

ಅವಳು ಗಾಡಿ ಹತ್ತಿದಳು. ಮಾವ ಬಕೆಟ್ಟು ಹಿಡಿದು, ಬಗ್ಗುತ್ತಾ ಏಳುತ್ತಾ, ಗೋಡೆಯ ತನಕ ಹೋಗಿ ಆಚೆಗೆ ಸರಿದು ನಿಂತು ಕೈ ಮಾಡುತ್ತಿದ್ದರು. ಅವಳು ಒಂದು ಪಟ್ಟಿ ಕತ್ತರಿಸಿ ಮುಗಿಸಿ ಎಂಜಿನ್ನು ಆರಿಸಿ ಕಾಯುತ್ತಿದ್ದಳು. ಮತ್ತೆ ಅವರು, ಮತ್ತೆ ಅವಳು. ಹಸಿ ಹುಲ್ಲಿನ ವಾಸನೆ ಕಟ್ಟಡದ ಒಳಗೂ ಹೋಗಿರಬೇಕು. ಎರಡನೆ ಮಹಡಿಯ ಕಿಟಕಿಯೊಂದು ತೆರೆಯಿತು, ಯಾರೋ ಗಲ್ಲಕ್ಕೆ ಕೈ ಕೊಟ್ಟು ನೋಡುತ್ತಾ ನಿಂತರು.

ನಾಲ್ಕೈದು ಪಟ್ಟಿಗಳಾದ ಮೇಲೆ ಕೈ ಮಾಡುವುದು ನಿಂತಿತು. ಅವಳು ಸ್ವಲ್ಪ ಹೊತ್ತು ಕಾದು ನೋಡಿದಳು. ಬಕೆಟ್ಟು ಕತ್ತರಿಸಿದ ಹುಲ್ಲಿನಲ್ಲಿ, ಹಿಂದೆಲ್ಲೋ, ಒಂಟಿಯಾಗಿ ನಿಂತಿತ್ತು. ಮಾವ ಎತ್ತರದ ಹುಲ್ಲಿನ ನಡುವೆ ತಮ್ಮ ಪಾಡಿಗೆ ತಾವು ನಡೆಯುತ್ತಿದ್ದರು. ಹೋಗಬೇಕಾದ ದಿಕ್ಕಿಗೆ ಅಡ್ಡವಾಗಿ, ಬೇಲಿಯ ಕಡೆಗೆ. ಸಿಕ್ಕಿದ ಕಲ್ಲನ್ನು ಬಗ್ಗಿ ಎತ್ತಿ, ಒರೆಸಿ, ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಅಂಗಿ ಒಂದು ಕಡೆಗೆ ಜೋತು ಬಿದ್ದಿತ್ತು.

ಅವಳು ಕೀಲಿ ತೆಗೆದುಕೊಂಡು ಗಾಡಿಯಿಂದ ಇಳಿದಳು. ಹಿಂದಕ್ಕೆ ಹೋಗಿ ಬಕೆಟ್ಟು ಎತ್ತಿಕೊಂಡು, ಅವಸರ ಮಾಡದೆ, ಹುಲ್ಲು ಸೀಳಿಕೊಂಡು ಅವರ ಹತ್ತಿರ ಹೋದಳು. ಕರೆಯಲಿಲ್ಲ. ಎದುರಿಗೆ ಬಂದು ನಿಂತು ಬಕೆಟ್ಟು ಮುಂದೆ ಹಿಡಿದಳು. ಮಾವ ಅವಳನ್ನು ನೋಡಿದರು, ಬಕೆಟ್ಟನ್ನು ನೋಡಿದರು. ಆಮೇಲೆ ಜೇಬಿಗೆ ಕೈ ಹಾಕಿ ಕಲ್ಲುಗಳನ್ನು ಒಂದೊಂದಾಗಿ ತೆಗೆದು, ಸದ್ದಾಗದ ಹಾಗೆ, ಅದರೊಳಗೆ ಇಡತೊಡಗಿದರು.